ಮೆಜೆಸ್ಟಿಕ್‌ನಲ್ಲಿ ಕೆಟ್ಟು ನಿಂತ ಯೂರೋಪ್ ಪ್ರವಾಸ

ನಮ್ಮ ಫ್ಯಾಕ್ಟರಿ ಬಸ್ಸಿನಲ್ಲಿ ಹೆಂಗಸರಿಗೆ ಹೆಸರಿಗಿಂತ ಸ್ಟಾಪು ಮುಖ್ಯವಾಗಿತ್ತು. ನಾನು ಕುಂದಲಹಳ್ಳಿ. ನನಗಿಂತ ಸ್ವಲ್ಪ ದೊಡ್ಡವರೊಬ್ಬರು ಟಿನ್ ಫ್ಯಾಕ್ಟರಿ, ಏಕೆಂದರೆ ಅವರು ಹತ್ತುತ್ತಿದ್ದದ್ದು ಆ ಹೆಸರಿನ ಸ್ಟಾಪಿನಲ್ಲಿ. ನಮ್ಮಿಬ್ಬರಿಗಿಂತಲೂ ಚಿಕ್ಕವಳು ಹೆಬ್ಬಾಳ. "ಹೆಬ್ಬಾಳ ಇವತ್ತು ರಜಾ", "ಟಿನ್ ಫ್ಯಾಕ್ಟರಿಗೆ ಸೀಟ್ ಹಿಡಿ" ಎಂದು ಕೂಗಾಡಿಕೊಂಡು ನಾವು ಮೂವರೂ ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಗೆ ಅರ್ಧ ಆಯುಷ್ಯ ಓಡಾಡಿದೆವು. ಒಬ್ಬೊಬ್ಬರಾಗಿ ನಿವೃತ್ತರಾದೆವು. ಟಿನ್ ಫ್ಯಾಕ್ಟರಿಯವರು ಚಂದಾಪುರದಲ್ಲಿ ಮನೆ ಕಟ್ಟಿಸಿಕೊಂಡು ಹೋದರು. ಆದರೂ ಹೆಸರು ಬದಲಾಗಲಿಲ್ಲ. ನಾನು ಫೋನ್ ಮಾಡಿದರೆ ಅವರ ಸೊಸೆ ಇವತ್ತಿಗೂ, "ಅತ್ತೆ, ನಿಮ್ಮ ಕುಂದಲಹಳ್ಳಿ" ಎಂದೇ ಕೂಗುತ್ತಾಳೆ.

ಯೂರೋಪ್ ಹುಚ್ಚು ಹತ್ತಿಸಿದವರು ಅವರೇ. ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಅವರು ವರ್ಷಗಟ್ಟಲೆ ಕೂತಿದ್ದ ಅಳತೆಯ ಮಿಷಿನ್ ಸ್ವಿಟ್ಜರ್ಲೆಂಡಿನದು. ಅದರ ಮೈಮೇಲೆ ಒಂದು ಪುಟ್ಟ ಹಿತ್ತಾಳೆ ತಗಡಿನಲ್ಲಿ ಅದನ್ನು ಮಾಡಿದ ಊರಿನ ಹೆಸರು ಲೂಸರ್ನ್ ಎಂದು ಕೆತ್ತಿತ್ತು. ದಸರೆಯ ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚುವಾಗಲೆಲ್ಲ, "ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡೋರ ಊರು ಹೆಂಗಿರತ್ತೋ, ಒಂದ್ಸಲ ನೋಡ್ಬೇಕು ಕಣೇ" ಎನ್ನುತ್ತಿದ್ದರು. ಬಸ್ಸಿನಲ್ಲಿ ನಡೆಸುತ್ತಿದ್ದ ಚೀಟಿಯ ದುಡ್ಡನ್ನು ನಾವು ಮೂವರೂ ಮುಟ್ಟದೆ ಇಟ್ಟಿದ್ದು ಆ ಒಂದು ಮಾತಿಗೆ. ಗಂಡಂದಿರನ್ನು ಕರೆದುಕೊಂಡು ಹೋಗುವ ಪ್ರಶ್ನೆಯೇ ಬರಲಿಲ್ಲ. ಅವರನ್ನು ಕರೆದೊಯ್ದರೆ ಅವರ ಬನಿಯನ್ ಎಲ್ಲಿದೆ ಎಂದು ನಾವೇ ಹೇಳಬೇಕು.

ಪ್ಲಾನ್ ಮಾಡುವ ಕೆಲಸ ನನಗೇ ಬಂತು. ಬರದೆ ಇನ್ನೇನು, ನಾನು ಫ್ಯಾಕ್ಟರಿಯಲ್ಲಿ ಇದ್ದದ್ದೇ ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲಿ. ಯಾವ ಮಿಷಿನ್ ಮೇಲೆ ಯಾವ ಕೆಲಸ, ಎಷ್ಟು ಹೊತ್ತು, ಅದು ಮುಗಿದರೆ ಮುಂದಕ್ಕೆ ಎಲ್ಲಿಗೆ ಎಂದು ಚಾರ್ಟ್ ಹಾಕುವುದೇ ನನ್ನ ಬದುಕಾಗಿತ್ತು. ನಿವೃತ್ತಿಯ ನಂತರ ಚಾರ್ಟ್ ಹಾಕಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಹೀಗಾಗಿ ಯೂರೋಪನ್ನು ಹಿಡಿದೆ. ಲಂಡನ್‌ಗೆ ಬೇರೆಯೇ ವೀಸಾ ಬೇಕು ಎಂದು ಗೊತ್ತಾದ ಕೂಡಲೇ ಅದನ್ನು ಕಿತ್ತು ಹಾಕಿದೆ. ಆದರೂ ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಲೂಸರ್ನ್, ವೆನಿಸ್, ಫ್ಲಾರೆನ್ಸ್, ಪೀಸಾ, ರೋಮ್ ಎಲ್ಲವೂ ಎರಡು ವಾರದೊಳಗೆ ಹಿಡಿಸಿದವು. ಒಂದೊಂದು ಊರಿಗೂ ಒಂದೊಂದು ಬಣ್ಣ ಕೊಟ್ಟೆ. ಎಲ್ಲಿಯೂ ಒಂದು ಬಿಳಿ ಚೌಕ ಉಳಿಯಲಿಲ್ಲ. ನನಗೆ ನನ್ನ ಮೇಲೆಯೇ ಹೆಮ್ಮೆ ಬಂತು.

ನನ್ನ ಯಜಮಾನರು ಕನ್ನಡಕ ಏರಿಸಿ ಲ್ಯಾಪ್‌ಟಾಪ್ ನೋಡಿದರು. "ಇದು ಟೂರಾ, ನೈಟ್ ಶಿಫ್ಟಾ?" ಎಂದರು.

"ನಿಮ್ಮನ್ನ ಕೇಳ್ದೋರು ಯಾರು?" ಎಂದೆ.

"ಯಾರೂ ಕೇಳಿಲ್ಲ. ಊಟ ಎಲ್ಲಿ ಅಂತ ಹಾಕಿಲ್ವಲ್ಲ, ಅದಕ್ಕೆ ಅಂದೆ."

ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮಂಥವರು ಪ್ರವಾಸ ಎಂದರೆ ಏನೆಂದು ಕಲಿತದ್ದು ಕಾರ್ಖಾನೆ ಕೊಡುತ್ತಿದ್ದ ಎಲ್‌ಟಿಸಿ ರಜೆಯಲ್ಲಿ. ಬಸ್ ಮಾಡಿಕೊಂಡು ಹೋದರೆ ಬೆಳಗಿನ ಜಾವ ತಣ್ಣೀರು ಸ್ನಾನ, ತಿಂಡಿಗೆ ಮೊದಲೇ ಒಂದು ದೇವಸ್ಥಾನ, ತಿಂಡಿ ಆದ ಮೇಲೆ ಎರಡು, ಮಧ್ಯಾಹ್ನ ಒಂದು ಡ್ಯಾಮು, ಸಂಜೆಗೆ ಸಮುದ್ರ, ರಾತ್ರಿ ಬಸ್ಸಿನಲ್ಲೇ ನಿದ್ದೆ. ಲಾಡ್ಜಿನ ಬಾಡಿಗೆ ಉಳಿಯಿತು ಎಂಬುದೇ ದೊಡ್ಡ ಸಂತೋಷ. ವಾಪಸ್ ಬಂದ ಮೇಲೆ ಏನು ನೋಡಿದಿರಿ ಎಂದು ಯಾರೂ ಕೇಳುತ್ತಿರಲಿಲ್ಲ, ಎಷ್ಟು ನೋಡಿದಿರಿ ಎನ್ನುತ್ತಿದ್ದರು. ಅದೇ ಲೆಕ್ಕದಲ್ಲಿ ನಾನು ಯೂರೋಪನ್ನೂ ಮುಗಿಸಲು ಹೊರಟಿದ್ದೆ. ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್ ಮೂರನ್ನೂ ಬಸ್ಸಿನಲ್ಲೇ ಮುಗಿಸುವ ಹಾಗೆ ಹಾಕಿದ್ದೆ. ಅದರಲ್ಲಿ ಒಂದು ದಿನವಂತೂ ಬೆಳಗ್ಗೆ ಹತ್ತಿದರೆ ಇಳಿಯುವುದು ಕತ್ತಲಾದ ಮೇಲೆ.

ಚಾರ್ಟನ್ನು ಇಬ್ಬರಿಗೂ ವಾಟ್ಸಾಪ್ ಮಾಡಿದೆ. ಹೆಬ್ಬಾಳ ಹೃದಯದ ಚಿತ್ರಗಳನ್ನು ಸಾಲಾಗಿ ಕಳಿಸಿದಳು. ಟಿನ್ ಫ್ಯಾಕ್ಟರಿಯವರಿಂದ ಉತ್ತರವೇ ಇಲ್ಲ. ಎರಡು ದಿನ ಬಿಟ್ಟು ಫೋನ್ ಬಂತು.

"ನೀವಿಬ್ರೂ ಹೋಗ್ಬನ್ನಿ ಕಣೇ. ನಂಗ್ಯಾಕೋ ಬೇಡ ಅನ್ಸತ್ತೆ."

ಏಕೆ ಎಂದು ಕೇಳಿದರೆ ಮಂಡಿ ನೋವು ಎಂದರು. ಮರುದಿನ ಕೇಳಿದರೆ ಮೊಮ್ಮಗನಿಗೆ ಪರೀಕ್ಷೆ ಎಂದರು. ಹೆಬ್ಬಾಳ ಕೇಳಿದಾಗ ಚಳಿ ಆಗಲ್ಲಮ್ಮ ಎಂದರಂತೆ. ಪ್ಲಾನಿಂಗ್‌ನಲ್ಲಿ ನಾನು ಕಲಿತದ್ದು ಒಂದಿದೆ: ತಡ ಯಾಕಾಯಿತು ಎಂದು ಕೇಳಿದಾಗ ಒಂದೇ ವಿಭಾಗ ಮೂರು ಕಾರಣ ಕೊಟ್ಟರೆ ಮೂರೂ ನಿಜವಲ್ಲ. ಅವರಿಲ್ಲದೆ ಹೋಗುವುದು ನನ್ನ ಕಲ್ಪನೆಗೇ ಬರುತ್ತಿರಲಿಲ್ಲ. ಆ ಊರನ್ನು ನೋಡಬೇಕೆಂದು ಆಸೆಪಟ್ಟವರು ಅವರು. ಅವರನ್ನು ಚಂದಾಪುರದಲ್ಲಿ ಬಿಟ್ಟು ನಾವಿಬ್ಬರು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ಅದು ಯಾವ ಸೀಮೆಯ ಪ್ರವಾಸ? ದುಃಖ ಆಗಬೇಕಾದ ಕಡೆ ನನಗೆ ಮೊದಲು ಬರುವುದು ಸಿಟ್ಟು. ಬಂತು. ಆ ವಾರ ಮುಗಿಯುವುದರೊಳಗೆ ಟಿಕೆಟ್ ಪಕ್ಕಾ ಮಾಡಬೇಕಿತ್ತು, ಇಲ್ಲವಾದರೆ ವೀಸಾ ಸಂದರ್ಶನದ ದಿನ ತಪ್ಪುತ್ತಿತ್ತು.

"ಬರದಿದ್ರೆ ಬಿಡಿ ಅಕ್ಕಾ" ಎಂದೆ. "ಆದ್ರೆ ಟ್ರಯಲ್‌ಗೆ ಬನ್ನಿ. ಟ್ರಯಲ್ ಆಗ್ದೆ ನಾನ್ ಯಾವತ್ತಾದ್ರೂ ಲೈನ್ ಶುರು ಮಾಡಿದ್ದುಂಟಾ?"

ಅದು ನಮ್ಮ ಕಾರ್ಖಾನೆಯ ಪದ್ಧತಿ. ಹೊಸ ಪಾರ್ಟು ಬಂದರೆ ಮೊದಲು ಕೆಲವನ್ನು ಮಾತ್ರ ಮಾಡಿ ನೋಡುವುದು. ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಬಿಸಿಯಾಗುತ್ತದೆ ಎಂದು ಗೊತ್ತಾದ ಮೇಲೆಯೇ ಮುಂದಿನ ಮಾತು. ಇನ್‌ಸ್ಪೆಕ್ಷನ್‌ನಲ್ಲಿದ್ದವರು ಟ್ರಯಲ್ ಬೇಡ ಎನ್ನುವ ಹಾಗಿಲ್ಲ. ಅವರು ಒಲ್ಲದ ಮನಸ್ಸಿನಿಂದ ಹೂಂ ಅಂದರು.

ಟ್ರಯಲ್ ಎಂದರೆ ಬೆಂಗಳೂರನ್ನೇ ಯೂರೋಪ್ ಮಾಡುವುದು. ಚಂದಾಪುರದ ಹತ್ತಿರದ ಬೊಮ್ಮಸಂದ್ರ ಮೆಟ್ರೋ ನಿಲ್ದಾಣ ನಮ್ಮ ಪ್ಯಾರಿಸ್. ಅಲ್ಲಿಂದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ರೈಲು ಬದಲಿಸಬೇಕು, ಅದು ಬ್ರಸೆಲ್ಸ್. ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್‌ಗೆ, ಅದು ಕಲೋನ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕುಂದಲಹಳ್ಳಿ, ಅಂದರೆ ಲೂಸರ್ನ್, ಅಂದರೆ ನಮ್ಮ ಮನೆ. ಮನೆಯಲ್ಲಿ ಬಿಸಿಬೇಳೆಬಾತ್ ಮಾಡಿಟ್ಟು ಬಂದಿದ್ದೆ. ಮೂವರೂ ಸೂಟ್‌ಕೇಸ್ ತುಂಬಿಕೊಂಡೇ ಬರಬೇಕು, ಯಾರೂ ಎಳೆದುಕೊಡುವುದಿಲ್ಲ ಎಂಬುದು ನನ್ನ ಕಟ್ಟಪ್ಪಣೆ.

ಹೆಬ್ಬಾಳ ತೂಕ ಬರಲೆಂದು ಸೂಟ್‌ಕೇಸಿಗೆ ರಾಗಿಹಿಟ್ಟಿನ ಪೊಟ್ಟಣಗಳನ್ನು ತುಂಬಿಕೊಂಡು ಬಂದಿದ್ದಳು. ಬೊಮ್ಮಸಂದ್ರದಲ್ಲಿ ಸ್ಕ್ಯಾನ್ ಮಾಡುವ ಹುಡುಗಿ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಏನಕ್ಕಾ ಇದು? ಯಾವೂರಿಗೆ ಹೊರಟ್ರಿ?"

"ರಾಗಿಹಿಟ್ಟು. ಪ್ಯಾರಿಸ್‌ನಿಂದ ಬ್ರಸೆಲ್ಸ್‌ಗೆ" ಎಂದಳು ಹೆಬ್ಬಾಳ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ.

"ಮುದ್ದೆ ತಿನ್ನೋಕೆ ಅಷ್ಟು ದೂರ ಯಾಕೆ ಅಕ್ಕಾ?" ಎಂದು ಆ ಹುಡುಗಿ ನಕ್ಕು ಬಿಟ್ಟಳು.

ಟಿನ್ ಫ್ಯಾಕ್ಟರಿಯವರು ನಗಲಿಲ್ಲ. ರೈಲಿನಲ್ಲೂ ಸುಮ್ಮನೆ ಕೂತಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಕಿಟಕಿಯಲ್ಲಿ ಹಾದು ಹೋದವು. ಕುತ್ತಿಗೆಗೆ ಕಾರ್ಡ್ ನೇತು ಹಾಕಿಕೊಂಡ ಹುಡುಗರು ಹತ್ತಿದರು, ಇಳಿದರು. ಆರ್.ವಿ. ರಸ್ತೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಮಾರ್ಗ ಬದಲಿಸುವುದರಲ್ಲಿ ನನ್ನ ಹೆಗಲೇ ಕಿತ್ತು ಬಂತು. ನನ್ನ ಚಾರ್ಟಿನಲ್ಲಿ ಆ ಕೆಲಸಕ್ಕೆ ಒಂದು ಗೆರೆಯಷ್ಟೂ ಜಾಗ ಇರಲಿಲ್ಲ. ಹೆಬ್ಬಾಳ ಮಾತ್ರ, "ಬ್ರಸೆಲ್ಸ್ ಮುಗೀತಾ? ಏನೂ ಕಾಣ್ಲೇ ಇಲ್ವಲ್ಲೇ" ಎಂದು ನನ್ನನ್ನು ಚುಚ್ಚುತ್ತಲೇ ಇದ್ದಳು.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ಜನವೋ ಜನ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಟಿನ್ ಫ್ಯಾಕ್ಟರಿಯವರು ನಿಂತುಬಿಟ್ಟರು. ನೋಡಿದರೆ ಮುಖ ಬಿಳಿಚಿಕೊಂಡಿದೆ, ತುಟಿ ಒಣಗಿದೆ. ಗೋಡೆಯ ಬದಿಗೆ ಕರೆದೊಯ್ದು ಅವರದೇ ಸೂಟ್‌ಕೇಸಿನ ಮೇಲೆ ಕೂರಿಸಿದೆವು. ನನ್ನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟೆ.

"ಬೇಡ."

"ತಲೆ ಸುತ್ತಿ ಬೀಳ್ತೀರಿ ಅಕ್ಕಾ. ಒಂದ್ ಗುಟುಕು ಕುಡೀರಿ."

"ಬೇಡ ಅಂದ್ನಲ್ಲೇ."

ನನ್ನ ಸಹನೆ ಅಲ್ಲಿಗೆ ಮುಗಿಯಿತು. "ಏನಕ್ಕಾ ನಿಮ್ದು? ಬರೋಕೂ ಬೇಡ, ನೀರೂ ಬೇಡ! ನಮ್ ಜೊತೆ ಬರೋಕೆ ಇಷ್ಟ ಇಲ್ಲ ಅಂದ್ರೆ ನೆಟ್ಟಗೆ ಹೇಳ್ಬಿಡಿ" ಎಂದು ಕೂಗಿಯೇ ಬಿಟ್ಟೆ. ಹೋಗುತ್ತಿದ್ದವರು ತಿರುಗಿ ನೋಡಿದರು.

ಅವರು ತಲೆ ತಗ್ಗಿಸಿದರು. ಆಮೇಲೆ ಸೂಟ್‌ಕೇಸಿನ ಹಿಡಿಯನ್ನು ನೋಡುತ್ತಾ ಹೇಳಿದರು: "ಕುಡಿದ್ರೆ ಹೋಗ್ಬೇಕಾಗತ್ತೆ ಕಣೇ. ಆವಾಗಾವಾಗ ಹೋಗ್ಬೇಕಾಗತ್ತೆ. ತಡ್ಕೊಳಕ್ಕಾಗಲ್ಲ. ಕೆಮ್ಮಿದ್ರೆ, ನಕ್ರೆ ಕೂಡ ಕಷ್ಟ. ತಂಗಿ ಮಗಳ ಮದುವೆ ದಾವಣಗೆರೆಲಿತ್ತು, ಅದಕ್ಕೂ ಹೋಗ್ಲಿಲ್ಲ. ನಿನ್ ಪ್ಲಾನ್‌ನಲ್ಲಿ ಇಡೀ ದಿನ ಬಸ್ಸಿದೆ. ಆ ಬಸ್ಸಲ್ಲಿ ನಂಗೆ ಹಂಗಾದ್ರೆ ಯಾರಿಗ್ ಹೇಳ್ಲಿ? ಯಾವ್ ಭಾಷೇಲಿ ಹೇಳ್ಲಿ?"

ಹೆಬ್ಬಾಳ ಮೆಲ್ಲಗೆ ತನ್ನ ಬ್ಯಾಗಿಗೆ ಕೈ ಹಾಕಿ ಬಾಟಲಿ ತೆಗೆದು ನಮ್ಮಿಬ್ಬರ ಮುಂದೆ ಹಿಡಿದಳು. ಕತ್ತಿನವರೆಗೂ ನೀರು ತುಂಬಿತ್ತು.

"ನಾನೂ ಬೆಳಗ್ಗೆಯಿಂದ ಕುಡಿದಿಲ್ಲ ಅಕ್ಕಾ. ಕಾಫೀನೂ ಅರ್ಧ ಲೋಟ ಚೆಲ್ಬಂದೆ."

ಆಗ ನನ್ನ ಕೈಯಲ್ಲಿದ್ದ ಬಾಟಲಿಯನ್ನು ನೋಡಿಕೊಂಡೆ. ಅದೂ ತುಂಬಿಯೇ ಇತ್ತು. ನಾನೂ ಕುಡಿದಿರಲಿಲ್ಲ. ಕುಡಿಯಬಾರದು ಎಂದು ತೀರ್ಮಾನಿಸಿದ ನೆನಪೂ ನನಗಿರಲಿಲ್ಲ. ಪ್ರಯಾಣ ಎಂದರೆ ಕುಡಿಯುವುದಿಲ್ಲ, ಅಷ್ಟೇ.

ಇದು ನಮಗೆ ಫ್ಯಾಕ್ಟರಿ ಬಸ್ಸು ಕಲಿಸಿದ ಪಾಠ. ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಬಸ್ಸು ಕೆಟ್ಟು ನಿಂತ ಹಾಗೆ ನಿಲ್ಲುತ್ತಿತ್ತು. ಗಂಡಸರು, "ಡ್ರೈವರಣ್ಣ, ಒಂದ್ನಿಮಿಷ" ಎಂದು ಇಳಿದು, ರಸ್ತೆಯ ಬದಿಯಲ್ಲಿ ಕೆಲಸ ಮುಗಿಸಿ, ಓಡಿ ಬಂದು ಹತ್ತಿಕೊಳ್ಳುತ್ತಿದ್ದರು. ಹೆಂಗಸರು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂರುತ್ತಿದ್ದೆವು. ತಡೆದುಕೊಂಡು ಕೂರುವುದಕ್ಕಿಂತ ಕುಡಿಯದೆ ಇರುವುದು ಸುಲಭ ಎಂದು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಕಂಡುಕೊಂಡಿದ್ದೆವು. ಸಾರಿನ ಪುಡಿಯಿಂದ ಹಿಡಿದು ಅತ್ತೆಯ ಕಾಟದವರೆಗೆ ಆ ಬಸ್ಸಿನಲ್ಲಿ ನಾವು ಮಾತಾಡದ ವಿಷಯವಿಲ್ಲ. ಇದೊಂದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆದರೆ ಆ ಗಳಿಗೆಯಲ್ಲಿ ನನಗೆ ಅನಿಸಿದ್ದು ಸಿಟ್ಟಲ್ಲ. ಅಬ್ಬಾ, ಇಷ್ಟೇನಾ ಎನಿಸಿತು. ಅವರಿಗೆ ನಾವು ಬೇಡವಾಗಿಲ್ಲ, ದೊಡ್ಡ ಕಾಯಿಲೆಯೇನೋ ಬಂದು ಮುಚ್ಚಿಡುತ್ತಿಲ್ಲ, ಮನೆಯಲ್ಲಿ ಯಾರೂ ತಡೆದಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾನು ಅಲ್ಲೇ ನಿಂತಿದ್ದ ಸೆಕ್ಯುರಿಟಿಯವರ ಹತ್ತಿರ ಹೋಗಿ, "ಸಾರ್, ಟಾಯ್ಲೆಟ್ ಎಲ್ಲಿ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಕೈ ತೋರಿಸಿದರು. ಆಕಾಶ ಕಳಚಿ ಬೀಳಲಿಲ್ಲ. ಒಬ್ಬರು ಸೂಟ್‌ಕೇಸ್ ಕಾಯುವುದು, ಇಬ್ಬರು ಹೋಗಿ ಬರುವುದು ಎಂದು ಮೂವರೂ ಮುಗಿಸಿಕೊಂಡೆವು. ಆಮೇಲೆ ಮೂವರೂ ನೀರು ಕುಡಿದೆವು. ಟಿನ್ ಫ್ಯಾಕ್ಟರಿಯವರ ಮುಖಕ್ಕೆ ಬಣ್ಣ ವಾಪಸ್ ಬಂತು.

ಟ್ರಯಲ್ ಅಲ್ಲಿಗೇ ನಿಲ್ಲಿಸಿ ಹೊರಗೆ ಬಂದು ಒಂದು ದರ್ಶಿನಿಯಲ್ಲಿ ಕೂತೆವು. ಇಡ್ಲಿ ಹೇಳಿ ಸೂಟ್‌ಕೇಸಿನಿಂದ ಲ್ಯಾಪ್‌ಟಾಪ್ ತೆಗೆದೆ. ಆ ಚಾರ್ಟನ್ನು ನೋಡುವಾಗ ನನಗೆ ನಾಚಿಕೆಗಿಂತ ನಗುವೇ ಬಂತು. ಕಾರ್ಖಾನೆಯಲ್ಲಿ ಪ್ರತಿ ಮಿಷಿನ್‌ಗೂ ಎಣ್ಣೆ ಬಿಡುವುದಕ್ಕೆ, ತಣ್ಣಗಾಗುವುದಕ್ಕೆ ಇಷ್ಟು ಹೊತ್ತು ಎಂದು ಬಿಡದೆ ನಾನು ಒಂದು ದಿನವೂ ಪ್ಲಾನ್ ಮಾಡಿದವಳಲ್ಲ. ಮೂರು ಹೆಂಗಸರಿಗೆ ಮಾತ್ರ ಒಂದು ನಿಮಿಷವನ್ನೂ ಬಿಟ್ಟಿರಲಿಲ್ಲ.

"ಮೊದ್ಲು ಆ ಬಸ್ಸನ್ನ ತೆಗಿ" ಎಂದಳು ಹೆಬ್ಬಾಳ. ತೆಗೆದೆ. ಬಸ್ಸು ಹೋದ ಮೇಲೆ ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್ ತಾವಾಗಿಯೇ ಉದುರಿದವು.

"ಪೀಸಾದಲ್ಲೇನಿದೆ?" ಎಂದರು ಟಿನ್ ಫ್ಯಾಕ್ಟರಿಯವರು.

"ವಾಲಿರೋ ಗೋಪುರ."

"ವಾಲಿರೋದನ್ನ ನೋಡೋಕೆ ಅಲ್ಲಿಗ್ಯಾಕೆ ಹೋಗ್ಬೇಕು? ನಾನು ಇನ್‌ಸ್ಪೆಕ್ಷನ್‌ನಲ್ಲಿದ್ದೋಳು, ಅಂಥದ್ದನ್ನ ವಾಪಸ್ ಕಳಿಸ್ತಿದ್ದೆ" ಎಂದರು. ಆ ದಿನ ಮೊದಲ ಸಲ ಅವರು ನಕ್ಕರು.

ಕಡೆಗೆ ಒಬ್ಬೊಬ್ಬರಿಗೆ ಒಂದೊಂದು ಊರು ಎಂದು ಮಾಡಿದೆವು. ಐಫೆಲ್ ಟವರ್ ಬೇಕೇ ಬೇಕು ಎನ್ನುವ ಹೆಬ್ಬಾಳಳಿಗೆ ಪ್ಯಾರಿಸ್, ಟಿನ್ ಫ್ಯಾಕ್ಟರಿಯವರಿಗೆ ಲೂಸರ್ನ್, ನನಗೆ ರೋಮ್. ಪ್ಯಾರಿಸ್‌ನಲ್ಲಿ ಇಳಿಯುವುದು, ರೋಮ್‌ನಿಂದ ವಿಮಾನ ಹತ್ತುವುದು, ಹೋದ ದಾರಿಯಲ್ಲೇ ವಾಪಸ್ ಬರುವ ದಂಡ ಬೇಡ. ನಡುವೆ ಎಲ್ಲ ಕಡೆಯೂ ರೈಲು, ಏಕೆಂದರೆ ರೈಲಿನಲ್ಲಿ ಟಾಯ್ಲೆಟ್ ಇರುತ್ತದೆ. ಲೂಸರ್ನ್‌ನಿಂದ ರೋಮ್ ದೂರವಾಗುತ್ತದೆ ಎಂದು ನಡುವೆ ಮಿಲಾನ್‌ನಲ್ಲಿ ಒಂದು ರಾತ್ರಿ ಸುಮ್ಮನೆ ಮಲಗುವುದು. ಇಳಿದ ದಿನ ಏನನ್ನೂ ನೋಡುವುದಿಲ್ಲ. ಒಂದು ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಗ್ಗೆ, ಮೊದಲೇ ಟಿಕೆಟ್ ತೆಗೆದಿಟ್ಟು. ಮಧ್ಯಾಹ್ನ ರೂಮಿಗೆ ವಾಪಸ್. ರೂಮು ಸ್ಟೇಷನ್ನಿಂದ ನಡೆಯುವಷ್ಟು ಹತ್ತಿರ ಇರಬೇಕು, ಲಿಫ್ಟ್ ಇರಬೇಕು. ಅಲ್ಲಿ ಟಾಯ್ಲೆಟ್ಟಿಗೂ ಕೆಲವು ಕಡೆ ನಾಣ್ಯ ಹಾಕಬೇಕಂತೆ. ಹೆಬ್ಬಾಳ ಆ ಖಾತೆಯನ್ನು ತಾನೇ ವಹಿಸಿಕೊಂಡಳು. ಚಾರ್ಟಿನಲ್ಲಿ ಈಗ ಬಿಳಿ ಚೌಕಗಳೇ ಹೆಚ್ಚಾಗಿದ್ದವು. ಅದನ್ನು ನೋಡಿದರೇ ನಿದ್ದೆ ಬರುವಷ್ಟು ಹಿತವಾಗಿತ್ತು.

"ಈಗ ಹೇಳಿ ಅಕ್ಕಾ. ಬರ್ತೀರೋ ಇಲ್ವೋ?" ಎಂದೆ.

ಅವರು ಇಡ್ಲಿಯ ಕಡೆಯ ತುಂಡನ್ನು ಚಟ್ನಿಯಲ್ಲಿ ಒತ್ತಿ ಬಾಯಿಗಿಟ್ಟುಕೊಂಡರು. "ಇನ್ನೊಂದ್ ಕಾಫಿ ಹೇಳು. ಫುಲ್ಲು" ಎಂದರು. ಅದೇ ಉತ್ತರ.

ಮುಂದಿನ ವಾರ ಹೆಬ್ಬಾಳ ಅವರನ್ನು ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರ್ ಗದರಿದರಂತೆ, ಇಷ್ಟು ದಿನ ಯಾಕೆ ಸುಮ್ಮನಿದ್ರಿ, ಇದು ನಿಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಇರುತ್ತೆ ಎಂದು. ಕೆಲವು ವ್ಯಾಯಾಮ ಹೇಳಿಕೊಟ್ಟು, ಮಾತ್ರೆ ಬರೆದುಕೊಟ್ಟರು. ಪೂರ್ತಿ ಹೋಗಲಿಲ್ಲ, ಆದರೆ ಅವರು ಚಂದಾಪುರದ ಮನೆಯಿಂದ ಹೊರಗೆ ಓಡಾಡುವಷ್ಟಾಯಿತು. ಟಿಕೆಟ್ಟನ್ನು ನಾನು ದರ್ಶಿನಿಯಿಂದ ಬಂದ ಸಂಜೆಯೇ ಪಕ್ಕಾ ಮಾಡಿದ್ದೆ. ವೀಸಾ ಕಚೇರಿಯಲ್ಲಿ ನನ್ನ ಚಾರ್ಟ್ ನೋಡಿದ ಹುಡುಗ, "ಎಲ್ರೂ ಹತ್ತು ಊರು ಹಾಕ್ಕೊಂಡ್ ಬರ್ತಾರೆ ಮೇಡಂ, ನಿಮ್ದು ಆರಾಮಾಗಿದೆ" ಎಂದ. ಆರಾಮು ಎಂಬ ಮಾತನ್ನು ನನ್ನ ಪ್ಲಾನಿಗೆ ಯಾರಾದರೂ ಹೇಳಿದ್ದು ಅದೇ ಮೊದಲು.

ಹೋದೆವು. ಎಲ್ಲವೂ ಚಾರ್ಟಿನ ಪ್ರಕಾರ ನಡೆಯಿತು ಎಂದೇನಲ್ಲ. ಪ್ಯಾರಿಸ್‌ನಲ್ಲಿ ಮಳೆ ಹಿಡಿಯಿತು, ಹೆಬ್ಬಾಳಳ ಟವರಿನ ಅರ್ಧ ಮೋಡದಲ್ಲಿತ್ತು. ಖಾಲಿ ಚೌಕಗಳಿದ್ದುದರಿಂದ ಮರುದಿನ ಮತ್ತೆ ಹೋಗಿ ಪೂರ್ತಿ ನೋಡಿದೆವು. ಲೂಸರ್ನ್‌ನಲ್ಲಿ ಟಿನ್ ಫ್ಯಾಕ್ಟರಿಯವರು ಕೆರೆಯ ದಂಡೆಯ ಬೆಂಚಿನ ಮೇಲೆ ಎರಡು ದಿನ ಕೂತರು. ಹಿಮದ ಬೆಟ್ಟ ಎದುರಿಗೇ ಇತ್ತು. ಎದ್ದು ಬೇರೆ ಏನಾದರೂ ನೋಡೋಣ ಬನ್ನಿ ಎಂದು ನಾನು ಒಂದು ಸಲವೂ ಕರೆಯಲಿಲ್ಲ.

ಅಲ್ಲಿಂದ ಮಿಲಾನ್‌ಗೆ ಹೊರಟ ರೈಲು ತುಂಬಿತ್ತು. ನೀಟಾಗಿ ಕೋಟು ಹಾಕಿಕೊಂಡ ಜನ, ಒಬ್ಬರು ಉಸಿರು ಬಿಡುವ ಸದ್ದೂ ಇಲ್ಲ. ಹೊರಗೆ ಬೆಟ್ಟ, ಕೆರೆ, ಸುರಂಗ ಒಂದರ ಹಿಂದೆ ಒಂದು ಬರುತ್ತಿದ್ದವು. ಟಿನ್ ಫ್ಯಾಕ್ಟರಿಯವರು ಸೀರೆಯ ನೆರಿಗೆ ಸರಿಪಡಿಸಿಕೊಂಡು ಎದ್ದು ನಿಂತರು. ಮೆಲ್ಲಗೆ ಹೇಳಿ ಅಭ್ಯಾಸವಿಲ್ಲದ ಫ್ಯಾಕ್ಟರಿ ದನಿಯಲ್ಲಿ, ಇಡೀ ಬೋಗಿಗೆ ಕೇಳುವ ಹಾಗೆ, "ಏನ್ರೇ, ನಾನು ಟಾಯ್ಲೆಟ್‌ಗೆ ಹೋಗ್ಬರ್ತೀನಿ. ಟೀ ಗಾಡಿ ಬಂದ್ರೆ ನಂಗೂ ದೊಡ್ ಕಪ್ಪೇ ಹೇಳಿ" ಎಂದರು.

ಹಿಂದಿನ ಸೀಟಿನಲ್ಲಿ ಪೇಪರ್ ಓದುತ್ತಿದ್ದ ವಯಸ್ಸಾದ ಗಂಡಸೊಬ್ಬರು ತಟ್ಟನೆ ತಲೆ ಎತ್ತಿದರು. "ಮೇಡಂ, ಬೆಂಗಳೂರಾ?" ಎಂದರು, ಶುದ್ಧ ಕನ್ನಡದಲ್ಲಿ.

ನಾನೂ ಹೆಬ್ಬಾಳಳೂ ಸೀಟಿನಲ್ಲೇ ಕುಗ್ಗಿಹೋದೆವು.

"ಹೌದು ಸಾರ್" ಎಂದರು ಟಿನ್ ಫ್ಯಾಕ್ಟರಿಯವರು. "ಮಾತು ಆಮೇಲಾಡೋಣ, ನಿಮ್ ಬ್ಯಾಗ್ ಸ್ವಲ್ಪ ಒಳಗ್ ತಗೊಳ್ಳಿ, ದಾರಿ ಬೇಕು."

ಅವರು ಬ್ಯಾಗನ್ನು ಒಳಗೆ ಎಳೆದುಕೊಂಡರು. ಇವರು ಸೀಟುಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಾ, ಅವಸರವಿಲ್ಲದೆ ನಡೆದು ಹೋದರು.